ಒಂದೂ ಪಂದ್ಯ ಗೆಲ್ಲದೆ ಸೆಮಿಫೈನಲ್ ಸೇರಿದ್ದು

ನನಗೊಂದು ವಿಚಿತ್ರ ಚಾಳಿ ಇದೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಅದನ್ನು ಮಗುಚಿ ಹಾಕಿ ಕ್ರೀಡಾಪುಟ ತೆಗೆಯುತ್ತೇನೆ. ಅಲ್ಲೂ ದೊಡ್ಡ ಸುದ್ದಿ, ಬಣ್ಣದ ಫೋಟೊ ಯಾವುದೂ ನನಗೆ ಬೇಡ. ಪುಟದ ಮೂಲೆಯಲ್ಲಿ, ಇರುವೆ ಸಾಲು ಹೊರಟ ಹಾಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದಲ್ಲ ಅಂಕಪಟ್ಟಿ, ಅದು ಬೇಕು. ಆಡಿದ್ದು, ಗೆದ್ದಿದ್ದು, ಸೋತಿದ್ದು, ಡ್ರಾ, ಪಾಯಿಂಟು. ಯಾವ ದೇಶದ ಯಾವ ಆಟವಾದರೂ ಸರಿ. ಬಾಯಿ ತಿರುಗದ ಹೆಸರಿನ ತಂಡಗಳನ್ನೆಲ್ಲ ಬೆರಳಿಟ್ಟು ಓದಿ, ಕನ್ನಡಕ ತೆಗೆದು, "ಪಾಪ, ಈ ಐದನೆಯವರಿಗೆ ಅನ್ಯಾಯ ಆಗಿದೆ ಕಣ್ರೀ" ಎಂದು ನಿಟ್ಟುಸಿರು ಬಿಡುತ್ತೇನೆ.

ಎದುರಿಗೆ ಕಾಫಿ ಕುಡಿಯುತ್ತಿರುವ ನನ್ನ ಗಂಡ ನಾಗರಾಜು "ಯಾವ ಐದನೆಯವರಿಗೆ?" ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಕಾಫಿ ಆರಿಹೋಗುತ್ತದೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕವಳಿದ್ದಾಗ ಗೆಲುವು ಸೋಲುಗಳ ಲೆಕ್ಕದಲ್ಲಿ ನಾನು ಅನುಕೂಲ ನೋಡಿಕೊಳ್ಳುವವರ ಪಕ್ಷ. ನಾನು ಬೆಳೆದದ್ದು ಯಶವಂತಪುರದಲ್ಲಿ. ಅಪ್ಪ ಗೊರಗುಂಟೆಪಾಳ್ಯದ ಕಡೆಯ ಒಂದು ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾವು ಮೂವರು ಮಕ್ಕಳು ನಡುಮನೆಯಲ್ಲಿ ಚೌಕಾಬಾರ ಹಾಕಿಕೊಂಡು ಕೂತರೆ, ಜಗಳ ಬೀದಿಗೆ ಬರದಿರಲಿ ಎಂದು ಅಮ್ಮ ಒಂದು ಕಾನೂನು ಮಾಡಿದ್ದಳು. ಗೆದ್ದವರಿಗೆ ಒಂದು ಕೊಬ್ಬರಿ ಮಿಠಾಯಿ. ಸೋತವರು ಅತ್ತರೆ ಅವರಿಗೂ ಅರ್ಧ. ನನ್ನ ಅಣ್ಣ ಸೋತರೂ ಅಳುವವನಲ್ಲ, ಹಲ್ಲು ಕಚ್ಚಿಕೊಂಡು ಸುಮ್ಮನೆ ಎದ್ದು ಹೋಗುತ್ತಿದ್ದ. ಅವನಿಗೆ ಏನೂ ಸಿಗುತ್ತಿರಲಿಲ್ಲ. ನಾನೋ, ಕವಡೆ ಕೈಗೆ ಬಂದ ಕ್ಷಣದಿಂದಲೇ ಮುಖ ಸಪ್ಪೆ ಮಾಡಿಕೊಂಡು ಅಳುವಿಗೆ ಸಿದ್ಧತೆ ನಡೆಸುತ್ತಿದ್ದೆ. ಒಂದೂ ಆಟ ಗೆಲ್ಲದ ನಾನೇ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಿಠಾಯಿ ತಿಂದವಳು. ಅಣ್ಣನಿಗೆ ಒಂದು ದಿನ ತಡೆಯಲಾಗಲಿಲ್ಲ.

"ಅಮ್ಮಾ, ಗೆದ್ದೋರಿಗೆ ಕೊಡ್ತೀಯೋ ಅತ್ತೋರಿಗೆ ಕೊಡ್ತೀಯೋ, ಮೊದ್ಲು ಅದು ಹೇಳು."

"ಇಬ್ರಿಗೂ ಕೊಡ್ತೀನಿ. ನಿಂಗ್ಯಾಕೋ ಹೊಟ್ಟೆಕಿಚ್ಚು?" ಎಂದಳು ಅಮ್ಮ.

ಅಮ್ಮನ ಈ ಕಾನೂನು ಎಷ್ಟು ದೊಡ್ಡ ಪ್ರಶ್ನೆ ಎಂದು ನನಗೆ ತಿಳಿಯಲು ಐವತ್ತರ ಹೊಸ್ತಿಲು ತುಳಿಯಬೇಕಾಯಿತು. ಅದೂ ಹಾಕಿ ಮೈದಾನದಲ್ಲಿ, ಮೈಮೇಲೆ ಕೆಸರು ಮೆತ್ತಿಕೊಂಡು.

ನಾನು ಹಾಕಿ ಆಡುತ್ತಿದ್ದೆ ಎಂದರೆ ಈಗಿನ ನನ್ನ ಆಕಾರ ನೋಡಿದವರು ನಂಬುವುದಿಲ್ಲ. ಆಗಿನ ಆಕಾರ ನೋಡಿದವರೂ ನಂಬುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಹುಡುಗಿಯರ ಟೀಮು ಮಾಡುವಾಗ ಪಿಟಿ ಮೇಷ್ಟ್ರು ಎಲ್ಲರನ್ನೂ ಓಡಿಸಿ, ಬಗ್ಗಿಸಿ, ಚೆಂಡು ಹೊಡೆಸಿ ನೋಡಿದರು. ನನ್ನ ಸರದಿ ಬಂದಾಗ ಓಡಿಸಲಿಲ್ಲ. ಮೇಲಿಂದ ಕೆಳಗೆ, ಆಮೇಲೆ ಎಡದಿಂದ ಬಲಕ್ಕೆ ಒಮ್ಮೆ ನೋಡಿ, "ನೀನು ಗೋಲಲ್ಲಿ ನಿಂತ್ಕೊಳಮ್ಮ. ನೀನು ಸುಮ್ನೆ ನಿಂತ್ರೂ ಅರ್ಧ ಗೋಲು ಮುಚ್ಚುತ್ತೆ" ಎಂದರು. ನನ್ನ ಜೀವನದಲ್ಲಿ ನನ್ನ ಮೈಕಟ್ಟನ್ನು ಯಾರಾದರೂ ಮೆಚ್ಚಿ ಮಾತಾಡಿದ್ದು ಅದೇ ಮೊದಲು. ಹಾಗೆ ಗೋಲ್‌ಕೀಪರ್ ಆದೆ. ಕಾಲೇಜು ಮುಗಿಯಿತು, ಮದುವೆಯಾಯಿತು, ವಿದ್ಯಾರಣ್ಯಪುರಕ್ಕೆ ಬಂದೆ. ಪ್ಯಾಡು ಕಟ್ಟಿದ್ದ ಕಾಲು ಅಡುಗೆಮನೆ, ತರಕಾರಿ ಅಂಗಡಿ, ಬಸ್ ಸ್ಟಾಪು ಎಂದು ಓಡಾಡಿ ಹಾಕಿಯನ್ನು ಮರೆತುಬಿಟ್ಟಿತು.

ಮತ್ತೆ ನೆನಪಿಸಿದವರು ಮುನಿರಾಜಣ್ಣ. ಯಲಹಂಕದ ಹಳೇ ಮನೆತನದವರು. ಒಂದು ಕಾಲಕ್ಕೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅವರೇ ಲೇಔಟು ಮಾಡಿ ಮನೆ ಕಟ್ಟಿಸುತ್ತಾರೆ. ಹರೆಯದಲ್ಲಿ ಒಳ್ಳೆಯ ಹಾಕಿ ಆಟಗಾರರಾಗಿದ್ದರಂತೆ. ಮಂಡಿಯ ಮೇಲಿನ ಗಾಯದ ಗುರುತನ್ನು ಪಂಚೆ ಎತ್ತಿ ಎಲ್ಲರಿಗೂ ತೋರಿಸುತ್ತಾರೆ. ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿ ಅವರದೊಂದು ಹೊಸ ಲೇಔಟು. ಅದರಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಮಟ್ಟ ಮಾಡಿಸಿ, ಕೆಮ್ಮಣ್ಣು ಹೊಡೆಸಿ, ಸುಣ್ಣದ ಗೆರೆ ಎಳೆಸಿ, ನಲವತ್ತು ದಾಟಿದ ಹೆಂಗಸರಿಗಾಗಿ ಹಾಕಿ ಲೀಗ್ ಮಾಡುತ್ತೇನೆಂದು ಸಾರಿದರು. ಜನ ಬಂದು ಆಟ ನೋಡಿದ ಹಾಗೂ ಆಯಿತು, ಸೈಟು ನೋಡಿದ ಹಾಗೂ ಆಯಿತು ಎಂಬ ಲೆಕ್ಕ ಅವರ ತಲೆಯಲ್ಲಿತ್ತು ಎಂದು ನಾಗರಾಜು ಹೇಳುತ್ತಾರೆ. ಇರಬಹುದು. ಆದರೆ ಆಟ ಶುರುವಾದ ಮೇಲೆ ಆ ಮನುಷ್ಯ ಸೈಟು ಕೇಳಲು ಬಂದವರನ್ನೂ "ಸುಮ್ನಿರಿ ಸ್ವಾಮಿ, ಕಾರ್ನರ್ ಹೊಡೀತಾವ್ರೆ" ಎಂದು ಗದರಿಸಿದ್ದನ್ನು ನಾನೇ ಕಂಡಿದ್ದೇನೆ.

ಹನ್ನೊಂದು ಜನ ಎಲ್ಲಿಂದ ಸಿಗಬೇಕು? ಏಳೇಳು ಜನರ ಟೀಮು ಎಂದಾಯಿತು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ, ರಾಜಾನುಕುಂಟೆ, ನಮ್ಮ ವಿದ್ಯಾರಣ್ಯಪುರ. ಆರು ಟೀಮು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಒಂದೊಂದು ಸಲ ಆಡುವುದು, ಮೊದಲ ನಾಲ್ಕು ಟೀಮು ಸೆಮಿಫೈನಲ್‌ಗೆ. ನಮ್ಮ ಕ್ಯಾಪ್ಟನ್ ಶಶಿಕಲಾ, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗೋಲಿಗೆ ಯಾರು ಎಂಬ ಚರ್ಚೆಯೇ ನಡೆಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಪಿಟಿ ಮೇಷ್ಟ್ರ ದೃಷ್ಟಿಯೇ ಅದು, ನನಗೆ ಗುರುತಾಯಿತು.

ರಾಜಾನುಕುಂಟೆಯ ಕ್ಯಾಪ್ಟನ್ ಯಾರು ಗೊತ್ತೆ? ನನ್ನ ಸ್ವಂತ ನಾದಿನಿ, ನಾಗರಾಜು ಅವರ ತಂಗಿ ಭಾಗ್ಯ. ಮದುವೆಯಾಗಿ ರಾಜಾನುಕುಂಟೆಗೆ ಹೋಗುವಾಗ ತನ್ನ ಮಾತಿನಲ್ಲಿದ್ದ ಹಕಾರವನ್ನೆಲ್ಲ ತವರುಮನೆಯಲ್ಲೇ ಬಿಟ್ಟುಹೋದವಳು. ಈಗ ಅವಳ ಬಾಯಲ್ಲಿ ಹಾಕಿಯೂ ಆಕಿಯೇ. ಆದರೆ ಸ್ಟಿಕ್ಕು ಹಿಡಿದರೆ ಆ ಮಣಿಕಟ್ಟಿನಲ್ಲಿ ಏನೋ ಜಾದೂ. ಊರಿನಲ್ಲಿ ಹಾಲಿನ ಡೈರಿಗೆ ಬರುವವರು, ದ್ರಾಕ್ಷಿ ತೋಟ ನೋಡಿಕೊಳ್ಳುವವರು, ಅಂಗನವಾಡಿ ಟೀಚರು ಹೀಗೆ ಹಿಂದೆಂದೂ ಸ್ಟಿಕ್ಕು ಮುಟ್ಟದ ಆರು ಜನರನ್ನು ಹಿಡಿದು ತಂದು, ಎರಡೇ ತಿಂಗಳಲ್ಲಿ ಒಂದು ಟೀಮು ಮಾಡಿದ್ದಳು.

ಪಾಯಿಂಟಿನ ಕಾನೂನು ಮಾಡಿದವರು ಮುನಿರಾಜಣ್ಣನೇ. ಎಲ್ಲೋ ಫೋನಿನಲ್ಲಿ, ಹಿಮದ ಮೇಲೆ ಜಾರುತ್ತಾ ಆಡುವ ಹಾಕಿ ನೋಡಿದ್ದರಂತೆ. ಅಲ್ಲಿಯ ಪದ್ಧತಿ ಅವರ ಮನಸ್ಸಿಗೆ ಹಿಡಿಸಿತ್ತು. ಮೊದಲ ದಿನ ಮೈಕು ಹಿಡಿದು ವಿವರಿಸಿದರು.

"ನೋಡ್ರಮ್ಮಾ, ಗೆದ್ದೋರಿಗೆ ಎರಡು ಪಾಯಿಂಟು. ಸೋತೋರಿಗೆ ಸೊನ್ನೆ. ಟೈಮ್ ಮುಗಿದಾಗ ಸಮ ಆಗಿದ್ರೆ ಶೂಟೌಟು. ಅದ್ರಲ್ಲಿ ಗೆದ್ದೋರಿಗೂ ಎರಡು. ಸೋತೋರ್ಗೆ ಒಂದು. ಅಷ್ಟು ಒದ್ದಾಡಿ ಬರಿಗೈಲಿ ಮನೆಗೆ ಹೋಗೋದು ಬೇಡ, ಏನಂತೀರಾ?"

ಎಲ್ಲರೂ ಚಪ್ಪಾಳೆ ತಟ್ಟಿದೆವು. ಬರಿಗೈಲಿ ಹೋಗುವುದು ಯಾರಿಗೆ ಇಷ್ಟ? ನನಗಂತೂ ಕೊಬ್ಬರಿ ಮಿಠಾಯಿ ಬಾಯಿಗೆ ಬಂದ ಹಾಗಾಯಿತು.

ಶೂಟೌಟು ಎಂದರೆ ಏನೆಂದು ಒಂದು ಮಾತು ಹೇಳಬೇಕು. ಎದುರಾಳಿಯ ಒಬ್ಬಳು ದೂರದ ಗೆರೆಯಿಂದ ಚೆಂಡು ಹೊರಳಿಸಿಕೊಂಡು ಬರುತ್ತಾಳೆ. ಗೋಲ್‌ಕೀಪರ್ ಒಬ್ಬಳೇ ಎದುರಿಗೆ. ಎಂಟು ಸೆಕೆಂಡಿನೊಳಗೆ ಚೆಂಡು ಒಳಗೆ ಹೋಗಬೇಕು, ಇಲ್ಲವಾದರೆ ಸೀಟಿ. ಒಂದೊಂದು ಟೀಮಿಗೂ ಐದೈದು ಅವಕಾಶ. ಆಟದ ಹೊತ್ತಿನಲ್ಲಿ ನಾನು ಪರವಾಗಿಲ್ಲ ಎನ್ನುವ ಹಾಗಿದ್ದೆ, ಏಕೆಂದರೆ ನಮ್ಮವರು ಮಿಕ್ಕ ಆರೂ ಜನ ಬಸ್ಸಿಗೆ ಕಾಯುವವರ ಹಾಗೆ ಗೋಲಿನ ಮುಂದೆಯೇ ಗುಂಪುಗಟ್ಟಿ ನಿಂತಿರುತ್ತಿದ್ದರು. ಚೆಂಡು ಯಾರಿಗೋ ತಾಗಿ ವಾಪಸು ಹೋಗುತ್ತಿತ್ತು. ಆದರೆ ಒಬ್ಬಳೇ ನಿಲ್ಲುವಾಗ ನನ್ನ ಸ್ವಭಾವ ಹೊರಬೀಳುತ್ತಿತ್ತು. ಎದುರಿಗಿದ್ದವಳು ಎಡಕ್ಕೆ ಭುಜ ಅಲ್ಲಾಡಿಸಿದರೆ ಸಾಕು, ನಾನು ಎಡಕ್ಕೆ ಧೊಪ್ಪನೆ ಬೀಳುತ್ತಿದ್ದೆ. ಅವಳು ನಿಧಾನವಾಗಿ ಬಲಕ್ಕೆ ತಿರುಗಿ, ಬೇಕಿದ್ದರೆ ಕೂದಲು ಸರಿಮಾಡಿಕೊಂಡು, ಗೋಲು ಹಾಕುತ್ತಿದ್ದಳು. ನಾನು ಬಿದ್ದಲ್ಲಿಂದ ಏಳುವುದೇ ಎಂಟು ಸೆಕೆಂಡಿನ ಕೆಲಸ.

ಮೊದಲ ಪಂದ್ಯವೇ ಭಾಗ್ಯಳ ಟೀಮಿನ ಮೇಲೆ. ಒಂದು–ಒಂದು ಸಮ. ಶೂಟೌಟಿನಲ್ಲಿ ಸೋತೆವು. ಭಾಗ್ಯ ನನ್ನನ್ನು ಅದೆಷ್ಟು ನಾಜೂಕಾಗಿ ಬೀಳಿಸಿದಳೆಂದರೆ ನನಗೇ ಮೆಚ್ಚಿಗೆಯಾಯಿತು. ಆಮೇಲೆ ಓಡಿಬಂದು ಕೈಹಿಡಿದು ಎಬ್ಬಿಸಿ, "ನೋವಾಯ್ತಾ ಅತ್ತಿಗೆ?" ಎಂದು ಕೇಳಿ, ಮರುಕ್ಷಣ ಕಿಸಕ್ಕನೆ ನಕ್ಕಳು. ಅವತ್ತು ಅವಳ ಟೀಮಿನವರು ಬಂದಿದ್ದ ಟೆಂಪೋ ರಾಜಾನುಕುಂಟೆಯವರೆಗೂ ಹಾರನ್ ಹೊಡೆಯುತ್ತಾ ಹೋಯಿತಂತೆ.

ಎರಡನೆಯ ಪಂದ್ಯವೂ ಸಮ, ಶೂಟೌಟಿನಲ್ಲಿ ಸೋಲು. ಮೂರನೆಯದೂ ಹಾಗೆಯೇ. ನಾನು ಮುಖ ತಗ್ಗಿಸಿಕೊಂಡು ಪ್ಯಾಡು ಬಿಚ್ಚುತ್ತಿದ್ದರೆ ಶಶಿಕಲಾ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು.

"ಬೇಜಾರ್ ಮಾಡ್ಕೋಬೇಡ ಕಣೇ. ನಾವು ಮೂರನೇ ಪಾಯಿಂಟಿಗೆ ಬಂದ್ವಿ. ಒಂದು ವಿಷ್ಯ ಗಮನಿಸಿದ್ಯಾ? ಯಾರಾದ್ರೂ ಟೈಮೊಳಗೆ ಗೆದ್ರೆ ಆ ಮ್ಯಾಚಿಂದ ಹುಟ್ಟೋದು ಎರಡೇ ಪಾಯಿಂಟು. ಸಮ ಆದ್ರೆ ಮೂರು ಹುಟ್ಟುತ್ತೆ. ಹೆಚ್ಚಿನ ಆ ಒಂದು ಎಲ್ಲಿಂದ ಬಂತು?"

"ಎಲ್ಲಿಂದ ಬಂತು?"

"ಗಾಳಿಯಿಂದ ಬಂತು. ಅದು ನಮ್ಗೆ ಬರ್ತಾ ಇದೆ."

ಈ ಗಾಳಿಯ ಗುಟ್ಟು ನಮಗೊಬ್ಬರಿಗೇ ತಿಳಿದದ್ದಲ್ಲ ಎಂದು ಹೆಬ್ಬಾಳದವರ ಜೊತೆ ಆಡುವಾಗ ಗೊತ್ತಾಯಿತು. ಕೊನೆಯ ಐದು ನಿಮಿಷ ಉಳಿದಿತ್ತು, ಸೊನ್ನೆ–ಸೊನ್ನೆ. ಹೆಬ್ಬಾಳದವರು ತಮ್ಮ ಪಾಡಿಗೆ ತಾವು ಚೆಂಡನ್ನು ಅತ್ತಿಂದಿತ್ತ ತಳ್ಳುತ್ತಾ ನಿಂತರು. ನಮ್ಮವರೂ ಕಸಿದುಕೊಳ್ಳಲು ಹೋಗಲಿಲ್ಲ. ಒಬ್ಬಳು ನೆರಿಗೆ ಇಲ್ಲದ ಟ್ರ್ಯಾಕ್ ಪ್ಯಾಂಟಿನಲ್ಲೂ ನೆರಿಗೆ ಸರಿಮಾಡಿಕೊಂಡಳು. ಗೆರೆಯಾಚೆಯಿಂದ ಮುನಿರಾಜಣ್ಣ ಕೂಗಿದರು.

"ಏನ್ರಮ್ಮಾ, ಆಟ ಆಡ್ತಿದೀರೋ ರಂಗೋಲಿ ಬಿಡ್ತಿದೀರೋ?"

ರಂಗೋಲಿಯೇ ಬಿಟ್ಟೆವು. ಶೂಟೌಟು ಬಂತು, ನಾನು ಎಡಕ್ಕೂ ಬಲಕ್ಕೂ ಬಿದ್ದೆ, ಅವರಿಗೆ ಎರಡು, ನಮಗೆ ಒಂದು. ಎರಡೂ ಕಡೆಯವರು ನಗುನಗುತ್ತಾ ಕೈಕುಲುಕಿದೆವು. ಕೊನೆಯ ಪಂದ್ಯದಲ್ಲೂ ಅದೇ ಕಥೆ.

ಲೀಗಿನ ಕೊನೆಯ ಭಾನುವಾರ, ಮುನಿರಾಜಣ್ಣನ ಸೈಟ್ ಆಫೀಸಿನ ತಗಡಿನ ಶೆಡ್ಡಿನ ಮುಂದೆ ಬೋರ್ಡಿನಲ್ಲಿ ಅಂಕಪಟ್ಟಿ ಬರೆದರು. ಆರ್.ಟಿ. ನಗರ, ಯಲಹಂಕ, ಹೆಬ್ಬಾಳ ಕ್ರಮವಾಗಿ ಮೊದಲ ಮೂರು. ಅದರಲ್ಲಿ ತಕರಾರಿಲ್ಲ. ನಾಲ್ಕನೆಯ ಸಾಲಿನಲ್ಲಿ ನಮ್ಮ ಹೆಸರು. ಆಡಿದ್ದು ಐದು, ಗೆದ್ದಿದ್ದು ಸೊನ್ನೆ, ಪಾಯಿಂಟು ಐದು. ಅದರ ಕೆಳಗೆ ರಾಜಾನುಕುಂಟೆ. ಯಶವಂತಪುರದವರನ್ನು ಸಮಯದೊಳಗೇ ಸೋಲಿಸಿದ್ದರು, ನಮ್ಮನ್ನು ಶೂಟೌಟಿನಲ್ಲಿ ಸೋಲಿಸಿದ್ದರು, ಮಿಕ್ಕ ಮೂರು ಸೋತಿದ್ದರು. ಪಾಯಿಂಟು ನಾಲ್ಕು. ಎರಡು ಗೆದ್ದವರು ಹೊರಗೆ, ಒಂದೂ ಗೆಲ್ಲದವರು ಸೆಮಿಫೈನಲ್‌ಗೆ.

ಭಾಗ್ಯ ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳ ಹಿಂದೆ ಅವಳ ಟೀಮಿನ ಆರು ಜನ. ಅಂಗನವಾಡಿ ಟೀಚರಿನ ಕಣ್ಣು ಒದ್ದೆಯಾಗಿತ್ತು. ಯಶವಂತಪುರದವರ ಮೇಲೆ ಗೆದ್ದ ದಿನ ಅವರು ಊರಿನಲ್ಲಿ ಪಟಾಕಿ ಹೊಡೆದಿದ್ದರು.

"ಅತ್ತಿಗೆ, ನಿಮ್ಮನ್ನ ಸೋಲ್ಸಿದ್ದೇ ನಾವು. ನೀವ್ ಮೇಲೆ, ನಾವ್ ಕೆಳಗೆ. ಇದೆಂಗೆ?" ಎಂದಳು.

ನಾನು ಶಶಿಕಲಾ ಕಡೆ ತಿರುಗಿದೆ. ಉತ್ತರ ಅವಳ ಬಳಿ ಇತ್ತು.

"ಭಾಗ್ಯ, ಹಂಗಲ್ಲ. ನಿಮ್ಮನ್ನ ಮೂರು ಟೀಮು ಟೈಮೊಳಗೇ ಸೋಲ್ಸಿದಾರೆ. ನಮ್ಮನ್ನ ಟೈಮೊಳಗೆ ಸೋಲ್ಸಿದೋರು ಯಾರಿದಾರೆ ಹೇಳಿ? ಆರ್.ಟಿ. ನಗರದೋರ ಕೈಲೂ ಆಗ್ಲಿಲ್ಲ."

ಅದೂ ನಿಜವೇ. ಇಬ್ಬರ ಮಾತೂ ನಿಜವಾಗಿದ್ದರೆ ಜಗಳ ಮುಗಿಯುವುದು ಕಷ್ಟ. ಮುನಿರಾಜಣ್ಣ ಎಲ್ಲ ಕ್ಯಾಪ್ಟನ್‌ಗಳನ್ನೂ ಶೆಡ್ಡಿನೊಳಗೆ ಕೂರಿಸಿ ಟೀ ತರಿಸಿದರು. ನಾನು ಬಾಗಿಲಲ್ಲಿ ನಿಂತೆ.

"ಸರಿ, ನಂದೇ ತಪ್ಪು ಅಂತಿಟ್ಕೊಳಿ. ಸರಿಯಾದ ಲೆಕ್ಕ ಯಾವ್ದು, ನೀವೇ ಹೇಳಿ" ಎಂದರು.

ಭಾಗ್ಯ ಹೇಳಿದಳು, ಸಮಯದೊಳಗೆ ಗೆದ್ದವರಿಗೆ ಮೂರು ಕೊಡಬೇಕು, ಶೂಟೌಟಿನ ಗೆಲುವೂ ಸಾಚಾ ಗೆಲುವೂ ಒಂದೇ ಹೇಗಾಗುತ್ತದೆ? ನ್ಯಾಯವಾದ ಮಾತು. ಶಶಿಕಲಾ ತಕ್ಷಣ ಬೋರ್ಡಿನಲ್ಲಿ ಲೆಕ್ಕ ಹಾಕಿದಳು. ಹಾಗೆ ಮಾಡಿದರೆ ರಾಜಾನುಕುಂಟೆಗೆ ಐದು. ನಮಗೂ ಐದು. ಸಮ! ಸಮವಾದರೆ ಯಾರು ಮೇಲೆ? ಹೆಚ್ಚು ಗೆದ್ದವರು ಎಂದಳು ಭಾಗ್ಯ. ಗೋಲಿನ ಅಂತರ ನೋಡಬೇಕು ಎಂದಳು ಶಶಿಕಲಾ. ನಾವು ಹಾಕಿದ್ದೂ ನಮಗೆ ಬಿದ್ದದ್ದೂ ಸರಿಸಮ, ಅವರಿಗೆ ಬಿದ್ದದ್ದು ಜಾಸ್ತಿ. ಹೆಬ್ಬಾಳದ ಕ್ಯಾಪ್ಟನ್, ಹಳೇ ಕಾಲದ ಹಾಗೆ ಸಮವಾದರೆ ಇಬ್ಬರಿಗೂ ಒಂದೊಂದು ಕೊಟ್ಟು ಶೂಟೌಟನ್ನೇ ತೆಗೆದುಬಿಡಿ ಎಂದಳು. ಲೆಕ್ಕ ಹಾಕಿದರೆ ಅದರಲ್ಲಿ ಅವಳ ಟೀಮೂ ನಮ್ಮದೂ ಮೂರನೆಯ ಸ್ಥಾನಕ್ಕೆ ಸಮವಾಗಿ, ರಾಜಾನುಕುಂಟೆ ಮೂರೇ ಪಾಯಿಂಟಿಗೆ ಇಳಿಯಿತು. ಹೆಬ್ಬಾಳದವಳು "ಅಯ್ಯೋ, ನಾನು ಹೇಳೇ ಇಲ್ಲ ಅನ್ಕೊಳಿ" ಎಂದು ಟೀ ಲೋಟದೊಳಗೆ ಮುಖ ಹುದುಗಿಸಿದಳು.

ಟೀ ಎರಡು ಸುತ್ತು ಆಯಿತು. ಬೋರ್ಡಿನಲ್ಲಿ ಜಾಗ ಉಳಿಯಲಿಲ್ಲ. ಕೊನೆಗೆ ಮುನಿರಾಜಣ್ಣ ಎದ್ದು ನಿಂತರು.

"ಒಂದೊಂದು ಲೆಕ್ಕಕ್ಕೆ ಒಬ್ಬೊಬ್ರು ಮೇಲೆ ಬರ್ತಾವ್ರೆ. ಆಟ ಮುಗಿದ್ಮೇಲೆ ನಮ್ಗೆ ಬೇಕಾದ ಲೆಕ್ಕ ಆರಿಸ್ಕೊಂಡ್ರೆ ಅದು ಆಟ ಆಗಲ್ಲ ಕಣ್ರಮ್ಮಾ. ಮೊದ್ಲು ಒಪ್ಪಿದ್ದೇ ಈ ಸಲಕ್ಕೆ. ಮುಂದಿನ ವರ್ಷ ಸರಿ ಮಾಡಣ. ಭಾಗ್ಯಮ್ಮಾ, ನನ್ ಮೇಲೆ ಕೋಪ ಇಟ್ಕೊ, ಪರ್ವಾಗಿಲ್ಲ."

ಭಾಗ್ಯ ಕೋಪವನ್ನು ಅವರ ಮೇಲೆ ಇಟ್ಟುಕೊಳ್ಳಲಿಲ್ಲ. ನನ್ನ ಕಡೆ ನೋಡದೆ ಹೊರಗೆ ಹೋಗಿ ಟೆಂಪೋ ಹತ್ತಿದಳು. ಅವತ್ತು ಟೆಂಪೋ ಹಾರನ್ ಹೊಡೆಯಲಿಲ್ಲ.

ನನಗೆ ಮನಸ್ಸು ಕೇಳಲಿಲ್ಲ. ದಾರಿಯಲ್ಲಿ ಶಶಿಕಲಾಗೆ ಹೇಳಿದೆ, "ಬಿಟ್ಕೊಟ್ಬಿಡೋಣ ಕಣೇ. ಅವ್ರೇ ಆಡ್ಲಿ."

"ಯಾಕೆ? ನಾವೇನ್ ಕದ್ದಿದೀವಾ? ಐದು ಮ್ಯಾಚೂ ಕೊನೇವರೆಗೂ ನಿಂತಿದೀವಿ. ನಮ್ಮ ಸೀತಾಲಕ್ಷ್ಮಿ ಮಂಡಿಗೆ ಬೆಲ್ಟ್ ಹಾಕ್ಕೊಂಡು ಆಡಿದಾಳೆ. ಹೋಗಿ ಅವಳಿಗೆ ಹೇಳು ಬಿಟ್ಕೊಡ್ತೀವಿ ಅಂತ."

ಸೀತಾಲಕ್ಷ್ಮಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಆ ವಾರವೇ ಗೌರಿ ಹಬ್ಬ. ಭಾಗ್ಯ ಪ್ರತಿ ವರ್ಷ ಬೆಳಿಗ್ಗೆಯೇ ನಮ್ಮ ಮನೆಗೆ, ಅಂದರೆ ಅವಳ ತವರಿಗೆ, ಬಂದು ಬಾಗಿನ ತೆಗೆದುಕೊಂಡು ಹೋಗುತ್ತಾಳೆ. ನಾಗರಾಜು ಎರಡು ದಿನದಿಂದ ಫೋನ್ ಮಾಡುತ್ತಿದ್ದರು, ಅವಳು ಎತ್ತಿರಲಿಲ್ಲ. ನಾನು ಮೊರಕ್ಕೆ ಅರಿಶಿನ ಹಚ್ಚಿ, ಬಳೆ, ಬಿಚ್ಚೋಲೆ, ರವಿಕೆ ಕಣ, ಬೇಳೆ, ಬೆಲ್ಲ ಎಲ್ಲ ಜೋಡಿಸಿ ಕಾದೆ. ಒಬ್ಬಟ್ಟಿನ ಹೂರಣ ರುಬ್ಬಿ ಕಾದೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ನಾಗರಾಜು ಗೇಟಿಗೂ ನಡುಮನೆಗೂ ಓಡಾಡುತ್ತಿದ್ದರು.

"ಹಬ್ಬದ ದಿನ ನನ್ ತಂಗಿ ಬರ್ದೇ ಇದ್ರೆ, ನೀನು ಆ ಒಂದು ಪಾಯಿಂಟು ಇಟ್ಕೊಂಡು ಏನ್ ಮಾಡ್ತೀಯಾ?" ಎಂದರು. ಅವರು ಯಾವತ್ತೂ ನನ್ನ ಮೇಲೆ ದನಿ ಏರಿಸಿದವರಲ್ಲ. ಆಗಲೂ ಏರಿಸಲಿಲ್ಲ, ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಚುಚ್ಚಿತು. ನಾನು ಒಲೆಯ ಮುಂದೆ ನಿಂತು, ಹೊಗೆಯಿಲ್ಲದ ಗ್ಯಾಸ್ ಒಲೆಯನ್ನೇ ದೂರುತ್ತಾ ಕಣ್ಣೊರೆಸಿಕೊಂಡೆ.

ಹನ್ನೆರಡಕ್ಕೆ ಗೇಟಿನ ಸದ್ದಾಯಿತು. ಭಾಗ್ಯ! ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಹಾಕಿ ಸ್ಟಿಕ್ಕು. ಅಣ್ಣನನ್ನು ಮಾತಾಡಿಸಿದಳು. ಗೌರಿಗೆ ಕೈಮುಗಿದಳು. ನಾನು ಸೆರಗು ಹೊದಿಸಿ ಕೊಟ್ಟ ಬಾಗಿನವನ್ನು ತಾನೂ ಸೆರಗು ಮುಚ್ಚಿ ತೆಗೆದುಕೊಂಡಳು. ನಾಲ್ಕು ಒಬ್ಬಟ್ಟು ತಿಂದಳು. ನನ್ನ ಜೊತೆ ಒಂದು ಮಾತಿಲ್ಲ. ಕೈ ತೊಳೆದು ಬಂದವಳೇ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತಿಗೆ, ಪ್ಯಾಡ್ ಕಟ್ಕೊಳಿ. ಪಕ್ಕದ್ ಸೈಟಿಗೆ ನಡೀರಿ."

"ಈಗಲಾ? ಹಬ್ಬದ ದಿನ?"

"ಭಾನ್ವಾರ ಆರ್.ಟಿ. ನಗರದೋರ್ ಮೇಲೆ ಆಡ್ಬೇಕು ತಾನೇ? ನಮ್ ಜಾಗಕ್ಕೆ ಓಗ್ತಿದೀರಿ. ಓಗಿ ಅಲ್ಲೂ ಧೊಪ್ ಧೊಪ್ ಅಂತ ಬಿದ್ರೆ ನಮ್ ಮರ್ವಾದೆ ಓಯ್ತದೆ. ಇಂಥೋರ್ ಕೆಳಗಾ ನಾವಿದ್ದಿದ್ದು ಅಂತ ಜನ ನಗ್ತಾರೆ."

"ಕೋಪ ಹೋಯ್ತಾ ಹಾಗಾದ್ರೆ?"

"ಕೋಪ ಅಂಗೇ ಐತೆ. ಎದ್ದೇಳಿ ಮೊದ್ಲು."

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಎರಡು ಹೂಕುಂಡ ಇಟ್ಟು ಗೋಲು ಮಾಡಿದೆವು. ಹಬ್ಬದ ಸೀರೆಯ ಮೇಲೆ ಪ್ಯಾಡು ಕಟ್ಟಿ, ಹೂ ಮುಡಿದ ತಲೆಗೆ ಹೆಲ್ಮೆಟ್ ಹಾಕಿ ನಿಂತೆ. ನಾಗರಾಜು ಗಡಿಯಾರ ನೋಡುತ್ತಾ ಎಂಟರವರೆಗೆ ಗಟ್ಟಿಯಾಗಿ ಎಣಿಸುವ ಕೆಲಸ ವಹಿಸಿಕೊಂಡರು. ಅಕ್ಕಪಕ್ಕದ ಮಹಡಿಗಳಲ್ಲಿ ಜನ ಸೇರಿದರು. ಭಾಗ್ಯ ಭುಜ ಅಲ್ಲಾಡಿಸಿದಳು, ನಾನು ಬಿದ್ದೆ. ಮತ್ತೆ ಅಲ್ಲಾಡಿಸಿದಳು, ಮತ್ತೆ ಬಿದ್ದೆ. ಮಹಡಿಯ ಮೇಲಿನ ಅಜ್ಜಿಯೊಬ್ಬರು "ಅಯ್ಯೋ ಸೀರೆ!" ಎಂದು ಕೂಗಿದರು.

ಭಾಗ್ಯ ಸ್ಟಿಕ್ಕು ಊರಿ ನಿಂತು ಹೇಳಿದಳು. "ಅತ್ತಿಗೆ, ನೀವ್ ನನ್ ಭುಜ ಯಾಕ್ ನೋಡ್ತೀರಾ? ಭುಜ ಗೋಲೊಳಕ್ ಓಗಲ್ಲ. ಚೆಂಡ್ ನೋಡಿ. ಆಮೇಲೆ ಬೀಳ್ಬೇಡಿ. ನೀವು ತಡೀಲೇಬೇಕು ಅಂತಿಲ್ಲ, ಎಂಟ್ ಸೆಕೆಂಡ್ ಸತಾಯ್ಸಿದ್ರೆ ಸಾಕು. ನಮ್ಮಣ್ಣನ್ನ ಸತಾಯ್ಸಲ್ವಾ, ಅಂಗೆ. ಮುಂದಕ್ ಬಂದು ಅಡ್ಡ ನಿಂತ್ಕಂಡು, ಅತ್ಲಾಗೂ ಬಿಡ್ದೆ ಇತ್ಲಾಗೂ ಬಿಡ್ದೆ."

ನಾಗರಾಜು ಎಣಿಸುವುದನ್ನು ನಿಲ್ಲಿಸಿ, "ಇದು ಅವಳಿಗೆ ಚೆನ್ನಾಗಿ ಬರುತ್ತೆ" ಎಂದರು.

ಅದೇ ನನಗೆ ಅರ್ಥವಾದದ್ದು. ಮುಂದಿನ ಸಲ ಬೀಳದೆ ಮುಂದಕ್ಕೆ ಬಂದು ಅಡ್ಡ ನಿಂತೆ. ಭಾಗ್ಯ ಎಡಕ್ಕೆ ಹೋದಳು, ನಾನೂ ಹೋದೆ. ಬಲಕ್ಕೆ ತಿರುಗಿದಳು, ನಾನೂ ತಿರುಗಿದೆ. "ಎಂಟು!" ಎಂದು ನಾಗರಾಜು ಕೂಗಿದಾಗ ಚೆಂಡು ಇನ್ನೂ ಅವಳ ಸ್ಟಿಕ್ಕಿನ ಬುಡದಲ್ಲೇ ಇತ್ತು. ಮಹಡಿಗಳಿಂದ ಚಪ್ಪಾಳೆ ಬಂತು. ಭಾಗ್ಯ ಬೆವರು ಒರೆಸಿಕೊಂಡು ಮೊದಲ ಸಲ ನಕ್ಕಳು. ಸಂಜೆ ಹೊರಡುವಾಗ ಇನ್ನೆರಡು ಒಬ್ಬಟ್ಟು ಕಟ್ಟಿಸಿಕೊಂಡಳು. ನನಗೆ ಮೈಯೆಲ್ಲ ನೋವು, ಮನಸ್ಸು ಮಾತ್ರ ಹಗುರ.

ಭಾನುವಾರ ರಾಜಾನುಕುಂಟೆಯ ಟೆಂಪೋ ಬಂತು. ಏಳೂ ಜನ ಇಳಿದು ನಮ್ಮ ಗೋಲಿನ ಹಿಂದೆಯೇ ಸಾಲಾಗಿ ನಿಂತರು. ಆರ್.ಟಿ. ನಗರದವರು ಬಲವಾದ ಟೀಮು. ನಮ್ಮವರು ಎಂದಿನಂತೆ ಬಸ್ ಸ್ಟಾಪು ಕಟ್ಟಿದರು. ಸೊನ್ನೆ–ಸೊನ್ನೆ. ಮತ್ತೆ ಶೂಟೌಟು. ಮೊದಲನೆಯವಳು ಬಂದಾಗ ಹಳೇ ಅಭ್ಯಾಸಕ್ಕೆ ಬಿದ್ದೇಬಿಟ್ಟೆ. "ಭುಜ ಯಾಕ್ ನೋಡಿದ್ರಿ!" ಎಂಬ ಕೂಗು ಹಿಂದಿನಿಂದ ಬಂತು. ಎರಡನೆಯವಳಿಗೆ ಬೀಳಲಿಲ್ಲ. ಎಂಟು ಸೆಕೆಂಡು ಮುಗಿದು ಸೀಟಿ ಕೇಳಿತು. ಮೂರನೆಯವಳ ಚೆಂಡು ನನ್ನ ಪ್ಯಾಡಿಗೆ ಬಡಿದು ಹೊರಗೆ ಹೋಯಿತು. ನಾಲ್ಕನೆಯದು ಒಳಗೆ. ನಮ್ಮವರು ಅಷ್ಟರಲ್ಲಿ ಮೂರು ಹಾಕಿದ್ದರು, ಅದರಲ್ಲೊಂದು ಮಂಡಿಗೆ ಬೆಲ್ಟು ಕಟ್ಟಿದ್ದ ಸೀತಾಲಕ್ಷ್ಮಿಯದು. ಐದನೆಯವಳು ಅವರ ಕ್ಯಾಪ್ಟನ್. ಓಡಿ ಬಂದಳು. ನಾನೂ ಮುಂದಕ್ಕೆ ಹೋದೆ. ಅವಳು ತಿರುಗಿದ ಕಡೆಗೆಲ್ಲ ತಿರುಗಿದೆ. ನನ್ನ ಕಿವಿಯಲ್ಲಿ ನಾಗರಾಜು ಎಣಿಸುತ್ತಿದ್ದ ದನಿಯೇ ಕೇಳುತ್ತಿತ್ತು. ಸೀಟಿ ಊದಿದಾಗ ಅವಳೂ ನಾನೂ ಎದುರುಬದುರು ನಿಂತು ಏದುಸಿರು ಬಿಡುತ್ತಿದ್ದೆವು. ಚೆಂಡು ನಮ್ಮಿಬ್ಬರ ನಡುವೆ ಸುಮ್ಮನೆ ನಿಂತಿತ್ತು.

ನಾವು ಗೆದ್ದಿದ್ದೆವು. ಆ ಲೀಗಿನಲ್ಲಿ ನಮ್ಮ ಮೊದಲ ಗೆಲುವು. ಭಾಗ್ಯಳ ಟೀಮಿನವರು ನನ್ನನ್ನು ಎತ್ತಿಕೊಳ್ಳಲು ನೋಡಿದರು, ಆಗಲಿಲ್ಲ, ಸುತ್ತ ನಿಂತು ಕುಣಿದರು.

ಮುಂದಿನ ವಾರ ಫೈನಲ್, ಯಲಹಂಕದವರ ಮೇಲೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಆಟ ಮುಗಿಯುವುದರೊಳಗೆ ಎರಡು ಗೋಲು, ಆಮೇಲೆ ಇನ್ನೊಂದು. ಶೂಟೌಟಿಗೆ ಅವಕಾಶವೇ ಇಲ್ಲದೆ, ಸಮಯದೊಳಗೇ, ಹಾಡುಹಗಲಲ್ಲಿ ಸೋತೆವು. ವಿಚಿತ್ರವೆಂದರೆ ನನಗೆ ಸಮಾಧಾನವಾಯಿತು. ಯಾವ ಲೆಕ್ಕ ಹಾಕಿದರೂ ಬದಲಾಗದ ಸೋಲು ಅದು. ಶಶಿಕಲಾ ಕೂಡ ಬೋರ್ಡಿನ ಕಡೆ ಹೋಗದೆ ನೇರವಾಗಿ ಬಜ್ಜಿ ತಟ್ಟೆಯ ಕಡೆ ನಡೆದಳು.

ಬಹುಮಾನ ಹಂಚಿದ ಮೇಲೆ ಮುನಿರಾಜಣ್ಣ ಮುಂದಿನ ವರ್ಷದಿಂದ ಸಮಯದೊಳಗೆ ಗೆದ್ದವರಿಗೆ ಮೂರು ಎಂದು ಮೈಕಿನಲ್ಲಿ ಸಾರಿ, ಪಾಯಿಂಟು ಸಮವಾದರೆ ಪರಸ್ಪರ ಆಡಿದಾಗ ಗೆದ್ದವರೇ ಮೇಲೆ ಎಂದೂ ಸೇರಿಸಿದರು. ರಾಜಾನುಕುಂಟೆಯವರು ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಶಶಿಕಲಾ ನನ್ನ ಕಿವಿಯಲ್ಲಿ, ಇದರಲ್ಲೂ ಎಲ್ಲೋ ಒಂದು ಸಂದಿ ಇರುತ್ತೆ, ಹುಡುಕಬೇಕು ಎಂದಳು.

ಕತ್ತಲಾಗುವ ಮುಂಚೆ ಎಲ್ಲರೂ ಹೊರಟೆವು. ಭಾಗ್ಯ ಟೆಂಪೋ ಹತ್ತಿದ್ದವಳು ಇಳಿದು ನನ್ನ ಬಳಿಗೆ ಬಂದಳು. ಏನೋ ಹೇಳಬೇಕೆಂದು ಬಂದು, ಹೇಗೆ ಹೇಳುವುದೆಂದು ತಿಳಿಯದೆ, ನನ್ನ ಪ್ಯಾಡಿನ ಕೆಸರನ್ನು ಸ್ಟಿಕ್ಕಿನ ತುದಿಯಿಂದ ಕೆರೆಯುತ್ತಾ ನಿಂತಳು.

"ಅತ್ತಿಗೆ, ಮುಂದಿನ್ ವರ್ಸ ಮೊದ್ಲನೇ ಮ್ಯಾಚು ನಮ್ಗೂ ನಿಮ್ಗೂನೇ ಅಂತೆ."

"ಹೌದಂತೆ."

"ನಾನ್ ಏಳ್ಕೊಟ್ಟಿದ್ದೈತಲ್ಲ, ಸೆಮಿಫೈನಲ್‌ಗೆ ಅಂತ... ಅಷ್ಟೊತ್ತಿಗೆ ಅದನ್ನೆಲ್ಲ ಮರ್ತ್ಬಿಡಿ."